ಸಾಲ್ಟ್ ಬೇರೆ, ಸೋಡಿಯಂ ಬೇರೆ: ಹಿಂಡಿ ಪೊಟ್ಟಣದ ಲೇಬಲ್ ಕೊನೆಗೂ ಸರಿಹೋದದ್ದು

ಶೇಂಗಾ ಹಿಂಡಿಗೆ (ರೊಟ್ಟಿ ಜೊತೆ ತಿನ್ನುವ ಚಟ್ನಿಪುಡಿಗೆ) ‘ಸೋಡಿಯಂ 3000 ಮಿ.ಗ್ರಾಂ’ ಅಂತ ಅಚ್ಚಾದ 2,000 ಸ್ಟಿಕ್ಕರ್ ಕೊಪ್ಪಳದ ನಮ್ಮ ಘಟಕದ ಮೂಲೆಯಲ್ಲಿ ಇನ್ನೂ ಬಿದ್ದಿವೆ. ಒಂದಕ್ಕೆ ಒಂದೂಕಾಲು ರೂಪಾಯಿ ಹಿಡಿದರೂ ಎರಡೂವರೆ ಸಾವಿರ ನೀರಿಗೆ. ತಪ್ಪು ಇಷ್ಟೇ: 100 ಗ್ರಾಂ ಹಿಂಡಿಗೆ ಹೆಚ್ಚುಕಡಿಮೆ 3 ಗ್ರಾಂ ಉಪ್ಪು, ಅದನ್ನೇ ಒಯ್ದು ಸೋಡಿಯಂ ಸಾಲಿನಲ್ಲಿ ಕೂರಿಸಿದ್ದು. ಉಪ್ಪಿನ ತೂಕದಲ್ಲಿ ಸೋಡಿಯಂ ನೂರಕ್ಕೆ 39 ಚಿಲ್ಲರೆ ಮಾತ್ರ, ಉಳಿದದ್ದು ಕ್ಲೋರೈಡ್. 1 ಗ್ರಾಂ ಉಪ್ಪಿಗೆ 393 ಮಿ.ಗ್ರಾಂ ಸೋಡಿಯಂ.

ಎರಡನೇ ಸಲ ಲೆಕ್ಕಕ್ಕೆ ಕೂತಾಗ 2.5 ಅನ್ನೋ ಅಂಕಿ ಕೈಗೆ ಸಿಕ್ಕಿತು. ಯುರೋಪಿನ ಪೊಟ್ಟಣಗಳಲ್ಲಿ ‘ಸಾಲ್ಟ್’ ಅಂತ ಗ್ರಾಂನಲ್ಲಿ ಬರೆಯುತ್ತಾರೆ, ಅದು ಸೋಡಿಯಂನ ಎರಡೂವರೆ ಪಟ್ಟು. ನಮ್ಮ ಲೇಬಲ್ಲಿಗೆ ಬೇಕಾದದ್ದು ಸೋಡಿಯಂ, ಮಿ.ಗ್ರಾಂನಲ್ಲಿ. ಉಪ್ಪನ್ನು 2.5ರಿಂದ ಭಾಗಿಸಬೇಕಿದ್ದಲ್ಲಿ ಗುಣಿಸಿ 7500 ಬಂತು. ಹಾಗಿದ್ದರೆ 100 ಗ್ರಾಂ ಹಿಂಡಿಯಲ್ಲಿ 19 ಗ್ರಾಂ ಉಪ್ಪು! ರೊಟ್ಟಿ ಜೊತೆ ಯಾರು ತಿಂದಾರು?

ಆಮೇಲೆ ತಕ್ಕಡಿ ಮುಂದಿಟ್ಟುಕೊಂಡೇ ಲೆಕ್ಕ. ‘ಲ್ಯಾಬ್ ಬಿಟ್ಟು ಇದೆಲ್ಲ ಆಗೋದಲ್ಲ’ ಅಂದವರೇ ಹೆಚ್ಚು. ನೆನಪಿದ್ದಷ್ಟು ಹೇಳುವುದಾದರೆ, ಶೇಂಗಾ 8 ಕಿಲೋ, ಖಾರಪುಡಿ 600 ಗ್ರಾಂ, ಬಳ್ಳೊಳ್ಳಿ 350, ಜೀರಿಗೆ 100, ಉಪ್ಪು 250. ಕೂಡಿದರೆ 9.3 ಕಿಲೋ. ಉಪ್ಪನ್ನು ಇದಕ್ಕೇ ಭಾಗಿಸಿದರೆ 100 ಗ್ರಾಂಗೆ ಸೋಡಿಯಂ 1056 ಮಿ.ಗ್ರಾಂ ಬರುತ್ತದೆ, ಅದು ಕಡಿಮೆ. ಹುರಿದಾಗ ತೇವ ಹೋಗುತ್ತದೆ, ಸಿಪ್ಪೆ ಹಾರುತ್ತದೆ, ಕುಟ್ಟಿದ ಮೇಲೆ ಕೈಗೆ ಸಿಗುವುದು ಎಂಟೂವರೆ ಕಿಲೋ. ಅದಕ್ಕೆ ಭಾಗಿಸಿದರೆ ಉಪ್ಪು 2.94 ಗ್ರಾಂ, ಸೋಡಿಯಂ ಸುಮಾರು 1155. ಶೇಂಗಾ, ಖಾರಪುಡಿಯ ಸ್ವಂತದ್ದು ಒಂದಿಪ್ಪತ್ತು ಸೇರಿಸಿ 1175. ಲ್ಯಾಬಿಗೆ ಮೂರು ಸಾವಿರ ರೂಪಾಯಿ ಹತ್ತಿರ ಕೊಟ್ಟು ನೋಡಿದಾಗ ಬಂದದ್ದು 1190. ‘ಆಗೋದಲ್ಲ’ ಅಂದವರೆಲ್ಲ ಈಗ ತಮ್ಮ ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಲೆಕ್ಕ ಹಿಡಿದು ನಮ್ಮಲ್ಲಿಗೇ ಬರುತ್ತಾರೆ.

ಕಲ್ಲುಪ್ಪು ಬೇಡ. ಮಳೆಗಾಲದಲ್ಲಿ ತೇವ ಹಿಡಿದು ತೂಕ ಸುಳ್ಳಾಗುತ್ತದೆ, ಕಾಳು ಭಾರವಾಗಿ ತಳಕ್ಕಿಳಿಯುತ್ತದೆ, ಕೊನೆಯ ಪೊಟ್ಟಣಗಳು ಉಪ್ಪುಪ್ಪು. ಪುಡಿ ಉಪ್ಪನ್ನು 1 ಗ್ರಾಂ ತೋರಿಸುವ ಸಣ್ಣ ತಕ್ಕಡಿಯಲ್ಲೇ ತೂಗಬೇಕು. ಅದನ್ನು ಯಾವುದರ ಜೊತೆ ಕುಟ್ಟಿ ಇಳಿಸಿದರೆ ಎಲ್ಲ ಪೊಟ್ಟಣಕ್ಕೂ ಸಮ ಹೋಗುತ್ತದೆ ಅನ್ನೋದು ಮಾತ್ರ ನಮ್ಮಲ್ಲೇ ಇರಲಿ.

ಇದೇ ಉಮೇದಿನಲ್ಲಿ ಹಪ್ಪಳಕ್ಕೆ ಕೈ ಹಾಕಿ ಬೆರಳು ಸುಟ್ಟಿತು. ಕಿಲೋ ಉದ್ದಿನ ಹಿಟ್ಟಿಗೆ 40 ಗ್ರಾಂ ಉಪ್ಪು, ಅಂದರೆ ಸೋಡಿಯಂ 15,700 ಮಿ.ಗ್ರಾಂ. ಜೊತೆಗೆ 10 ಗ್ರಾಂ ಅಡುಗೆ ಸೋಡಾ. ಸೋಡಾದಲ್ಲಿ ಉಪ್ಪೇ ಇಲ್ಲ, ಆದರೆ ಸೋಡಿಯಂ ನೂರಕ್ಕೆ 27, ಅಲ್ಲಿಗೆ ಇನ್ನೂ 2,700 ಚಿಲ್ಲರೆ. ಬರೀ ಉಪ್ಪು ಎಣಿಸಿದವರಿಗೆ ಒಟ್ಟಿನಲ್ಲಿ ಏಳನೇ ಒಂದು ಪಾಲು ತಪ್ಪಿಹೋಗುತ್ತದೆ. ಉಪ್ಪು ನೋಡಲು ತಂದ ಕ್ಲೋರೈಡ್ ಪರೀಕ್ಷೆಯ ಪಟ್ಟಿಯೂ ಸೋಡಾದ ಸೋಡಿಯಂ ಹಿಡಿಯಲಿಲ್ಲ, ಅದು ಹಿಡಿಯುವುದು ಕ್ಲೋರೈಡ್ ಅಷ್ಟನ್ನೇ. ಸೋಡಾದ ಬದಲು ಹಪ್ಪಳಖಾರ (ಹಪ್ಪಳಕ್ಕೆ ಹಾಕುವ ಕ್ಷಾರ) ಹಾಕಿದರೆ ಸೋಡಿಯಂ ಇನ್ನೂ ಜಾಸ್ತಿ ಆಗಬಹುದು. ಒಂದೊಂದು ಅಂಗಡಿಯ ಹಪ್ಪಳಖಾರ ಒಂದೊಂದು ಥರ ಇರುವುದರಿಂದ ಹಪ್ಪಳದ ಲೇಬಲ್ ಇನ್ನೂ ಅಚ್ಚಿಗೆ ಕೊಟ್ಟಿಲ್ಲ.