ಫೈರ್‌ಫಾಕ್ಸ್‌ನಲ್ಲಿ ಮಾಯವಾದ ಕನ್ನಡ ಫಾಂಟ್ ಸೆಟ್ಟಿಂಗ್ ಹುಡುಕಿ ತಂದದ್ದು

ಮನೆಯಲ್ಲೇ ಕೂತು ಕನ್ನಡ ಪ್ರೂಫ್ ನೋಡುವವಳು ನಾನು. ಹಗಲೆಲ್ಲ ಸ್ಕ್ರೀನ್ ಮೇಲೆ ಕನ್ನಡ ಓದಬೇಕು. 'ಧ' ಅಕ್ಷರಕ್ಕೆ ಕೆಳಗೊಂದು ಸೀಳು, 'ಥ' ಅಕ್ಷರಕ್ಕೆ ಒಳಗೊಂದು ಚುಕ್ಕಿ. ಅಕ್ಷರ ಸಣ್ಣದಾದರೆ ಇವೆರಡೂ ಕಣ್ಣಿಗೆ ಬೀಳುವುದಿಲ್ಲ. 'ರಾಷ್ಟ್ರ' ಎಂಬ ಪದದಲ್ಲಿ ಷಕಾರಕ್ಕೆ ಎರಡು ಒತ್ತು ಇವೆ. ಇಂಗ್ಲಿಷಿಗೆ ಸಾಕಾಗುವ ಸೈಜಿನಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು ಕಾಣುತ್ತವೆ.

ಹಾಗಾಗಿ ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಕನ್ನಡಕ್ಕೆಂದೇ ಬೇರೆ ಸೆಟ್ಟಿಂಗ್ ಮಾಡಿಕೊಂಡಿದ್ದೆ. ಸೆಟ್ಟಿಂಗ್ಸ್‌ನಲ್ಲಿ ಫಾಂಟ್ಸ್, ಅಲ್ಲಿಂದ ಅಡ್ವಾನ್ಸ್ಡ್. ಮೇಲಿನ ಪಟ್ಟಿಯಲ್ಲಿ ಕನ್ನಡ ಆರಿಸಿ, ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಕೊಟ್ಟು, ಸೈಜ್ 20 ಮಾಡಿದ್ದೆ. ಎಷ್ಟೋ ಕನ್ನಡ ಪುಟಗಳು ತಮ್ಮ ಭಾಷೆ ಇಂಗ್ಲಿಷ್ ಎಂದೇ ಬ್ರೌಸರ್‌ಗೆ ಹೇಳುತ್ತವೆ. ಅಂಥವಕ್ಕೆ ಕನ್ನಡದ ಸೈಜ್ ತಗಲುವುದಿಲ್ಲ. ಅದಕ್ಕೇ ಅದೇ ಪಟ್ಟಿಯ ಲ್ಯಾಟಿನ್‌ಗೂ, ಅಂದರೆ ಇಂಗ್ಲಿಷ್ ಲಿಪಿಗೂ, ಮಿನಿಮಮ್ ಸೈಜ್ ಹಾಕಿಟ್ಟಿದ್ದೆ.

ಲ್ಯಾಪ್‌ಟಾಪ್ ರಿಪೇರಿಗೆ ಹೋಗಿ ಬಂದಾಗ ಇದೆಲ್ಲ ಇರಲಿಲ್ಲ. ಫೈರ್‌ಫಾಕ್ಸ್‌ನ ಅಕೌಂಟಿಗೆ ಲಾಗಿನ್ ಆದ ಕೂಡಲೇ ಬುಕ್‌ಮಾರ್ಕ್, ಪಾಸ್‌ವರ್ಡ್ ಬಂದವು. ಫಾಂಟ್ ಬರಲಿಲ್ಲ, ಒಂದೊಂದು ಸೈಟಿಗೂ ಮಾಡಿಟ್ಟಿದ್ದ ಜೂಮ್ ಕೂಡ ಬರಲಿಲ್ಲ. ನೋಡಿದರೆ, ಅಂಗಡಿಯವರು ಹಳೆಯ 32 ಬಿಟ್ ಫೈರ್‌ಫಾಕ್ಸ್ ತೆಗೆದು 64 ಬಿಟ್‌ನದ್ದು ಹಾಕಿದ್ದರು.

ಕಾರಣ ಅದೇ. 2019ರಲ್ಲಿ ಬಂದ 67ನೇ ಆವೃತ್ತಿಯಿಂದ ಫೈರ್‌ಫಾಕ್ಸ್ ಒಂದೊಂದು ಇನ್‌ಸ್ಟಾಲ್‌ಗೂ ಬೇರೆ ಪ್ರೊಫೈಲ್, ಅಂದರೆ ನಮ್ಮ ಸೆಟ್ಟಿಂಗ್, ಬುಕ್‌ಮಾರ್ಕ್ ಎಲ್ಲ ಕೂರುವ ಫೋಲ್ಡರ್, ಇಡುತ್ತದೆ. 64 ಬಿಟ್‌ನದ್ದು ಕೂರುವ ಫೋಲ್ಡರ್ ಬೇರೆ, ಹಾಗಾಗಿ ಅದಕ್ಕೆ ಹೊಸ ಪ್ರೊಫೈಲ್. ಆದರೆ ಪ್ರೋಗ್ರಾಂ ತೆಗೆದುಹಾಕಿದರೂ ಹಳೆಯ ಪ್ರೊಫೈಲ್ ಸಾಮಾನ್ಯವಾಗಿ ಡಿಸ್ಕ್‌ನಲ್ಲೇ ಉಳಿಯುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಎಲ್ಲವನ್ನೂ ಮೊದಲಿಂದ ಮಾಡಲು ಕೂರುತ್ತಾರೆ, ಅದೇ ನನಗೆ ಬೇಜಾರು.

ಅಡ್ರೆಸ್ ಬಾರ್‌ನಲ್ಲಿ ಇಂಗ್ಲಿಷಿನಲ್ಲಿ ಅಬೌಟ್, ಕೋಲನ್, ಪ್ರೊಫೈಲ್ಸ್ ಎಂದು ಟೈಪ್ ಮಾಡಿದೆ. ಒಂದಕ್ಕಿಂತ ಜಾಸ್ತಿ ಪ್ರೊಫೈಲ್ ಕಾಣಿಸಿದವು. ಯಾವುದು ನನ್ನದು ಅಂತ ಹೆಸರು ನೋಡಿ ಹೇಳುವುದು ಕಷ್ಟ. ಹೊಸ ಬ್ರೌಸರ್‌ನಲ್ಲಿ ತೆರೆಯುವ ಬಟನ್ ಪ್ರೊಫೈಲ್‌ನ ಕೆಳಗೇ ಇರುತ್ತದೆ. ಅದನ್ನು ಒತ್ತಿ ಒಂದೊಂದೇ ತೆರೆದೆ. ಅಕ್ಷರ ದೊಡ್ಡದಾಗಿ, ಒತ್ತುಗಳು ಬಿಡಿಬಿಡಿಯಾಗಿ ಕಂಡ ಕೂಡಲೇ ಅದೇ ನನ್ನದು ಅಂತ ಗೊತ್ತಾಯಿತು! ಅದನ್ನೇ ಡೀಫಾಲ್ಟ್ ಮಾಡಿದೆ. ಜೂಮ್ ಸಮೇತ ಎಲ್ಲ ವಾಪಸ್. ಅಲ್ಲೇ ಪಕ್ಕದಲ್ಲಿ ರಿಮೂವ್ ಬಟನ್ ಕೂಡ ಇದೆ, ಅದರ ತಂಟೆಗೆ ಹೋಗಬೇಡಿ.

ಮತ್ತೆ ಹೀಗಾದರೆ ಅಂತ ಫಾಂಟ್ ಸೆಟ್ಟಿಂಗ್‌ಗಳನ್ನು 'ಯೂಸರ್ ಡಾಟ್ ಜೆಎಸ್' ಎಂಬ ಫೈಲಿನಲ್ಲಿ ಬರೆದಿಟ್ಟೆ. ಅಡ್ರೆಸ್ ಬಾರ್‌ನಲ್ಲಿ ಇಂಗ್ಲಿಷಿನಲ್ಲಿ ಅಬೌಟ್, ಕೋಲನ್, ಕಾನ್ಫಿಗ್ ಎಂದು ಟೈಪ್ ಮಾಡಿದರೆ ಬರುವ ಪುಟದಲ್ಲಿ 'ಎಕ್ಸ್-ಕೆಎನ್‌ಡಿಎ' ಎಂದು ಇಂಗ್ಲಿಷಿನಲ್ಲೇ ಹುಡುಕಿದರೆ ಕನ್ನಡದ ಫಾಂಟ್ ಸಾಲುಗಳು ಒಟ್ಟಿಗೆ ಸಿಗುತ್ತವೆ. ನಾವು ಬದಲಿಸಿದ್ದು ದಪ್ಪಕ್ಷರದಲ್ಲಿರುತ್ತದೆ, ಅಷ್ಟನ್ನು ಬರೆದುಕೊಂಡರೆ ಸಾಕು. ಈ ಫೈಲನ್ನು ಯಾವ ಪ್ರೊಫೈಲ್ ಫೋಲ್ಡರ್‌ಗೆ ಹಾಕಿದರೂ ಫೈರ್‌ಫಾಕ್ಸ್ ಶುರುವಾಗುವಾಗ ಓದಿಕೊಳ್ಳುತ್ತದೆ. ಆಮೇಲೆ ಮೆನುವಿನಲ್ಲಿ ಏನೇ ಬದಲಿಸಿದರೂ ಮುಂದಿನ ಸಲ ಫೈಲಿನಲ್ಲಿ ಇದ್ದದ್ದೇ ಬರುತ್ತದೆ, ಅದು ನೆನಪಿರಲಿ. ಫಾಂಟ್ ಕೂಡ ಕಂಪ್ಯೂಟರ್‌ನಲ್ಲಿ ಇರಬೇಕು, ಸುಮ್ನೆ ಹೆಸರು ಬರೆದರೆ ಆಗದು. ಅದಕ್ಕೇ ಫಾಂಟ್ ಫೈಲನ್ನೂ ಜೊತೆಗೆ ಸೇರಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೇನೆ.

ಸೈಟಿನ ಒಳಗೇ ಆರಿಸುವ ಡಾರ್ಕ್ ಮೋಡ್‌ನಂಥವು ಬೇರೆ ಲೆಕ್ಕ. ಲಾಗಿನ್ ಇಲ್ಲದ ಕಡೆ ಅವು ಸಾಮಾನ್ಯವಾಗಿ ಕುಕೀ ಅಥವಾ ಸೈಟ್ ಡೇಟಾದಲ್ಲಿ, ಅಂದರೆ ಸೈಟು ನಮ್ಮ ಬ್ರೌಸರ್‌ನಲ್ಲೇ ಉಳಿಸಿಡುವ ಮಾಹಿತಿಯಲ್ಲಿ, ಇರುತ್ತವೆ. ಬ್ರೌಸರ್ ಮುಚ್ಚಿದಾಗ ಕುಕೀ ಅಳಿಸು ಎಂಬುದಕ್ಕೆ ಟಿಕ್ ಇದ್ದರೆ ಪ್ರತಿ ಸಲವೂ ಹೋಗುತ್ತವೆ. ಟಿಕ್ ತೆಗೆಯುವುದು ಬೇಡ ಅನಿಸಿದರೆ, ಪಕ್ಕದ ಎಕ್ಸೆಪ್ಶನ್ಸ್‌ನಲ್ಲಿ ದಿನವೂ ಓದುವ ಸೈಟುಗಳನ್ನು ಸೇರಿಸಿ. ನಾನು ಮಾಡಿರುವುದೂ ಹಾಗೆಯೇ.