ನಾಲ್ಕನೆಯ ಸಾಲು ಎಲ್ಲಿ ಹೋಯಿತು?

ಶಾಲೆಯ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ದಿನಕ್ಕೊಂದು ನುಡಿ ಬರೆಯುವ ಕೆಲಸ, ಕನ್ನಡ ಮೇಷ್ಟ್ರು ಎಂಬ ಕಾರಣಕ್ಕೆ, ನನ್ನ ಪಾಲಿಗೆ ಬಂದಿತ್ತು. ಮೊದಮೊದಲು ಮೊಬೈಲಿಗೆ ಬರುವ ಶುಭೋದಯದ ಚಿತ್ರಗಳಿಂದಲೇ ಎತ್ತಿ ಬರೆಯುತ್ತಿದ್ದೆ.

ಒಂದು ದಿನ ‘ಕೆಲವಂ ಬಲ್ಲವರಿಂದ ಕಲ್ತು’ ಪದ್ಯದ ಮೂರು ಸಾಲು ಬರೆದು ಕೆಳಗೆ ಸರ್ವಜ್ಞನ ಹೆಸರು ಹಾಕಿದೆ. ಮೂರನೆಯ ಸಾಲಿನಲ್ಲಿ ‘ಸರ್ವಜ್ಞನಪ್ಪಂ ನರಂ’ ಎಂದೇ ಇದೆಯಲ್ಲ! ಮೊಮ್ಮಗಳನ್ನು ಬಿಡಲು ಬಂದಿದ್ದ ಹಿರಿಯರೊಬ್ಬರು ನಿಂತು ಓದಿ, “ಮೇಷ್ಟ್ರೇ, ನಾಲ್ಕನೆಯ ಸಾಲು ಎಲ್ಲಿ ಹೋಯಿತು?” ಎಂದರು. ಆಮೇಲೆ ತಾವೇ ಹೇಳಿದರು: ‘ಪಲವುಂ ಪಳ್ಳ ಸಮುದ್ರವೈ ಹರಹರಾ ಶ್ರೀ ಚೆನ್ನಸೋಮೇಶ್ವರಾ’. ಅದು ಪುಲಿಗೆರೆ ಸೋಮನಾಥನ ಸೋಮೇಶ್ವರ ಶತಕದ ಪದ್ಯ. ಸರ್ವಜ್ಞನದು ಮೂರು ಸಾಲಿನ ತ್ರಿಪದಿ. ಇದು ಸಾಲಿಗೆ 20 ಅಕ್ಷರದ ಮತ್ತೇಭವಿಕ್ರೀಡಿತ. ತರಗತಿಯಲ್ಲಿ ಪ್ರಸ್ತಾರ ಹಾಕಿಸುವ ನನಗೆ ಅದು ಹೊಳೆಯದೆ ಹೋದದ್ದು ಈಗಲೂ ಚುಚ್ಚುತ್ತದೆ.

ಅಂದಿನಿಂದ ಮೊದಲು ಅಂಕಿತ, ಅಂದರೆ ಬರೆದವರು ಕೊನೆಯಲ್ಲಿ ಇಡುವ ಗುರುತಿನ ಹೆಸರು, ಹುಡುಕುತ್ತೇನೆ. ಪುರಂದರವಿಠಲ, ಕಾಗಿನೆಲೆಯಾದಿಕೇಶವ, ಚೆನ್ನಮಲ್ಲಿಕಾರ್ಜುನ: ನಮ್ಮವರು ರುಜು ಹಾಕಿಯೇ ಹೋಗಿದ್ದಾರೆ. ಸಂಗೀತದಲ್ಲೂ ಅಷ್ಟೆ, ಮುತ್ತುಸ್ವಾಮಿ ದೀಕ್ಷಿತರ ಕೃತಿಯಲ್ಲಿ ‘ಗುರುಗುಹ’ ಇದ್ದೇ ಇರುತ್ತದೆ. ಜಾಗ ಸಾಲದೆಂದು ನಾವು ಕತ್ತರಿಸುವುದು ಆ ಕೊನೆಯ ಸಾಲನ್ನೇ.

ಹೆಸರು ಹೋದರೆ ಹೋಗಲಿ, ಕೆಲವೊಮ್ಮೆ ಅರ್ಥವೂ ಹೋಗುತ್ತದೆ. ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಎಂಬಷ್ಟನ್ನೇ ಬರೆದರೆ ಬಸವಣ್ಣ ಭಾಷಣಕಲೆಯ ಪಾಠ ಹೇಳಿದಂತೆ ಕಾಣುತ್ತದೆ. ‘ನುಡಿಯೊಳಗಾಗಿ ನಡೆಯದಿದ್ದರೆ ಕೂಡಲಸಂಗಮದೇವನೆಂತೊಲಿವನಯ್ಯಾ’ ಎಂಬಲ್ಲಿಗೆ ಬಂದಾಗ ತಾನೇ ಏಟು ಬೀಳುವುದು? ಹಾಗಾಗಿ ಅಕ್ಷರ ಸಣ್ಣದು ಮಾಡಿಯಾದರೂ ಪೂರ್ತಿ ಬರೆಯುತ್ತೇನೆ. ಹಲಗೆಗೆ ಮೂಗು ತಾಗಿಸಿ ಓದಬೇಕಾಗುತ್ತದೆ ಎಂದು ಸಹೋದ್ಯೋಗಿಗಳು ನಗುತ್ತಾರೆ.

ಕಷ್ಟವಿರುವುದು ಗದ್ಯದಲ್ಲಿ, ಅಲ್ಲಿ ಅಂಕಿತವಿಲ್ಲ. ಜಗತ್ತಿನಲ್ಲಿ ಕಾಣಬಯಸುವ ಬದಲಾವಣೆ ನೀವೇ ಆಗಿ ಎಂಬ ಮಾತು ಗಾಂಧೀಜಿಯವರ ಹೆಸರಿನಲ್ಲಿ ಗೋಡೆಗೋಡೆಗಳ ಮೇಲಿದೆ, ಆದರೆ ಅವರ ಬರಹಗಳಲ್ಲಿ ಆ ವಾಕ್ಯ ಸಿಕ್ಕಿಲ್ಲ. 1913ರಲ್ಲಿ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ ಅವರು ಬರೆದದ್ದು, ನಾವು ನಮ್ಮನ್ನು ಬದಲಿಸಿಕೊಳ್ಳಬಲ್ಲೆವಾದರೆ ಲೋಕದ ಒಲವುಗಳೂ ಬದಲಾಗುತ್ತವೆ ಎಂಬ ಅರ್ಥದ ಮಾತು. ಅಕ್ಟೋಬರ್ 2ರಂದು ಅದನ್ನೇ ಬರೆದೆ. ಎಂಟನೆಯ ತರಗತಿಯ ಹುಡುಗನೊಬ್ಬ ಬಂದು, “ಸರ್, ತಪ್ಪಾಗಿದೆ. ನಮ್ಮ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬೇರೆ ಥರ ಇದೆ” ಎಂದ.