ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಹೊರಡುವ ಮುನ್ನ

ಮುಂಬೈಯ ಮಾಟುಂಗಾದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಗಿರಾಕಿಗಳಲ್ಲಿ ನಮ್ಮ ಕಡೆಯ ಹೋಟೆಲಿನವರೇ ಜಾಸ್ತಿ. ಸ್ಟೆಂಟ್ (ಹೃದಯದ ಕಿರಿದಾದ ರಕ್ತನಾಳವನ್ನು ತೆರೆದಿಡುವ ಪುಟ್ಟ ಲೋಹದ ಜಾಲರಿ) ಹಾಕಿಸಿಕೊಂಡವರು ಸ್ವಲ್ಪ ಹುಷಾರಾದ ಕೂಡಲೇ ‘ಇನ್ನೂ ಯಾಕ್ರೀ ಈ ಮಾತ್ರೆ?’ ಅಂತ ಕೇಳುತ್ತಾರೆ. ಎದೆನೋವು ಹೋಗಿದೆ, ನಿಜ. ಒಳಗಿನ ಗಾಯ ಮಾತ್ರ ಇನ್ನೂ ಮಾಯುತ್ತಾ ಇರುತ್ತದೆ.

ಬಲೂನು ಉಬ್ಬಿಸಿ ಸ್ಟೆಂಟ್ ಕೂರಿಸುವಾಗ ರಕ್ತನಾಳದ ಒಳಪದರ ಕಿತ್ತು ಬರುತ್ತದೆ. ಒಂದೇ ಸಾಲು ಜೀವಕೋಶಗಳ ಪದರ ಅದು. ರಕ್ತ ಅಲ್ಲಿ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಅದೇ. ಹಿಂದೆ ಬರೀ ಲೋಹದ ಸ್ಟೆಂಟ್ ಹಾಕುತ್ತಿದ್ದಾಗ ನಾಳದ ಗೋಡೆಯ ಸ್ನಾಯುಕೋಶಗಳು ಅತಿಯಾಗಿ ಬೆಳೆದು, ನೂರರಲ್ಲಿ 20–30 ಜನಕ್ಕೆ ಆ ಜಾಗ ಮತ್ತೆ ಕಿರಿದಾಗುತ್ತಿತ್ತು. ಆ ಬೆಳವಣಿಗೆ ತಡೆಯಲು ಔಷಧಿ ಲೇಪಿಸಿದ ಸ್ಟೆಂಟ್ ಬಂತು. ಸಿರೋಲಿಮಸ್ ಅನ್ನುವ ಔಷಧಿಯ ಲೇಪದ್ದಕ್ಕೆ ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿತು. (ಈ ಔಷಧಿಯ ಮೂಲ ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾ. ಎಲ್ಲಿಂದ ಎಲ್ಲಿಗೆ ನೋಡಿ!) ತೊಂದರೆ ಏನೆಂದರೆ, ಆ ಔಷಧಿ ಒಳಪದರ ಬೆಳೆಯುವುದನ್ನೂ ನಿಧಾನ ಮಾಡುತ್ತದೆ. ಲೋಹ ಮುಚ್ಚಿಕೊಳ್ಳುವ ತನಕ ಅದರ ಮೇಲೆ ರಕ್ತ ಹೆಪ್ಪುಗಟ್ಟುವ ಭಯ ಇದ್ದೇ ಇದೆ. ಮೊದಲ ಸಿರೋಲಿಮಸ್ ಸ್ಟೆಂಟ್‌ನ ಎಳೆ ಸುಮಾರು 140 ಮೈಕ್ರಾನ್ ದಪ್ಪ ಇತ್ತು, ಈಗ ಹಲವು 60–80ಕ್ಕೆ ಇಳಿದಿವೆ. ಎಳೆ ತೆಳುವಾದಷ್ಟೂ ಬೇಗ ಮುಚ್ಚಿಕೊಳ್ಳುತ್ತದೆ. ಹಾಗಂತ ಮಾತ್ರೆ ಬಿಡುವ ಹಾಗಿಲ್ಲ.

ಹಾಗೆ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಸಾಮಾನ್ಯವಾಗಿ ಎರಡು ಮಾತ್ರೆ ಇರುತ್ತವೆ: ಆಸ್ಪಿರಿನ್, ಜೊತೆಗೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್. ಹಾರ್ಟ್ ಅಟ್ಯಾಕ್ ಆಗಿದ್ದರೆ ಎರಡನ್ನೂ ಹೆಚ್ಚಾಗಿ 12 ತಿಂಗಳು ಕೊಡುತ್ತಾರೆ, ಇಲ್ಲದಿದ್ದರೆ ಸುಮಾರು 6. ನಿಮ್ಮ ಲೆಕ್ಕ ನಿಮ್ಮ ಡಾಕ್ಟರಿಗೇ ಗೊತ್ತು. ಪಕ್ಕದ ಮನೆಯವರು ಮೂರೇ ತಿಂಗಳಿಗೆ ಬಿಟ್ಟರು ಅನ್ನುವುದು ಲೆಕ್ಕಕ್ಕಿಲ್ಲ.

ಈಗ ಸ್ಟ್ರಿಪ್ ತಿರುಗಿಸಿ ಹಿಂದೆ ಓದಿ. ಕ್ಲೋಪಿಡೋಗ್ರೆಲ್ 75, ಆಸ್ಪಿರಿನ್ 75 ಎರಡೂ ಬರೆದಿದ್ದರೆ ಒಂದೇ ಕ್ಯಾಪ್ಸೂಲಿನಲ್ಲಿ ಎರಡೂ ಇವೆ ಎಂದರ್ಥ. ಮನೆಯಲ್ಲಿ ಹಳೆಯ ಆಸ್ಪಿರಿನ್ ಸ್ಟ್ರಿಪ್ ಇದ್ದರೆ ಅದನ್ನೂ ಸೇರಿಸಿ ನುಂಗಬೇಡಿ. ಟಿಕಾಗ್ರೆಲಾರ್ ಆದರೆ ದಿನಕ್ಕೆ ಎರಡು ಸಲ. ರಾತ್ರಿ ಹೋಟೆಲು ಮುಚ್ಚುವ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಆ ಎರಡನೆಯದೇ. ಗಲ್ಲಾದ ಮೇಲೆ ಒಂದು ಡಬ್ಬಿ ಇಟ್ಟುಕೊಳ್ಳಿ ಸಾಕು.

ಊರಿಗೆ ಹೊರಡುವಾಗ ಮಾತ್ರೆ ಟ್ರೈನಿನ ಸೀಟಿನ ಕೆಳಗಿನ ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿರಲಿ. ಒಂದು ವಾರದ್ದು ಜಾಸ್ತಿಯೇ ಇರಲಿ. ಆಸ್ಪತ್ರೆಯ ಫೈಲಿನಲ್ಲಿ ಸ್ಟೆಂಟ್ ಡಬ್ಬಿಯ ಸ್ಟಿಕ್ಕರ್ ಅಂಟಿಸಿರುತ್ತಾರೆ: ಹೆಸರು, ಅಳತೆ, ಲಾಟ್ ನಂಬರ್. ಅದರ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಮಗನಿಗೂ ಕಳಿಸಿ.

ಊರಲ್ಲಿ ಹಲ್ಲು ಕೀಳಿಸಲು ಹೋದರೆ ಮೊದಲು ಸ್ಟೆಂಟ್ ವಿಷಯ ಹೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಿ ಹೋಗಬೇಡಿ. ಹಲ್ಲಿನ ಡಾಕ್ಟರು ನಿಲ್ಲಿಸಿ ಅಂದರೂ ಹೃದಯದ ಡಾಕ್ಟರಿಗೆ ಒಂದು ಫೋನ್ ಮಾಡಿ. ಮಂಡಿನೋವಿಗೆ ಡೈಕ್ಲೋಫೆನಾಕ್ ತರದ್ದನ್ನು ಸುಮ್ನೆ ನುಂಗಿದರೆ ರಕ್ತಸ್ರಾವದ ಅಪಾಯ ಜಾಸ್ತಿ. ಗ್ಯಾಸಿಗೆ ಒಮೆಪ್ರಜೋಲ್ ಕೇಳುವವರೂ ಇದ್ದಾರೆ. ಅದು ಕ್ಲೋಪಿಡೋಗ್ರೆಲ್‌ನ ಬಲ ತಗ್ಗಿಸುತ್ತದೆ, ಕೇಳದೆ ತಗೋಬೇಡಿ. ಮಲ ಕಪ್ಪಗೆ ಟಾರಿನ ಹಾಗೆ ಹೋದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಎದೆ ಹಿಂಡಿದ ಹಾಗಾಗಿ ಬೆವರು ಬಂದರೆ ಗ್ಯಾಸಿನ ಮಾತ್ರೆ ಕೇಳಿಕೊಂಡು ನನ್ನಂಥವನ ಅಂಗಡಿಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.